ಅಪ್ಪನ ಪ್ರಶ್ನೆ ಮತ್ತು ಹಳೆಯ ಹಾರ್ಡ್‌ಡಿಸ್ಕ್

2024ರ ಮೇ ತಿಂಗಳ ಒಂದು ಮಧ್ಯಾಹ್ನ ಅಪ್ಪ ನನಗೊಂದು ಪ್ರಶ್ನೆ ಕೇಳಿದರು. ಉತ್ತರಕ್ಕೆ ಬೇಕಾದ ಅಂಕಿಗಳೆಲ್ಲ ನನ್ನ ಲ್ಯಾಪ್‌ಟಾಪಿನಲ್ಲೇ ಇದ್ದವು. ಪ್ರೋಗ್ರಾಮಿನಲ್ಲಿ ಸೇರಿಸಬೇಕಾಗಿದ್ದುದು ಒಂದೇ ಒಂದು ಸಾಲು. ಆದರೂ ‘ನಾಳಿ ನೋಡ್ತೀನಪ್ಪಾ’ ಎಂದು ಹೇಳಿ ಲ್ಯಾಪ್‌ಟಾಪು ಮುಚ್ಚಿದೆ. ಆ ನಾಳೆ ಬಂದದ್ದು ಐದು ತಿಂಗಳ ಮೇಲೆ. ಅಂದು ನನ್ನ ಕೈಯನ್ನು ತಡೆದದ್ದು ಏನು ಎಂಬ ಯೋಚನೆ ಬಹಳ ದಿನ ಬಿಡಲಿಲ್ಲ. ಆಲಸ್ಯವಂತೂ ಅಲ್ಲ, ಗೊತ್ತಿಲ್ಲದ್ದೂ ಅಲ್ಲ. ತಿರುಗಿ ತಿರುಗಿ ಯೋಚಿಸಿದಾಗ ಬೆರಳು ಹೋಗಿ ನಿಂತದ್ದು ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿದ್ದ, ಅಂಗೈಯಷ್ಟು ಅಗಲದ ಒಂದು ಹಾರ್ಡ್‌ಡಿಸ್ಕಿನ ಮೇಲೆ.

ಅಪ್ಪ ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯೊಂದರಲ್ಲಿ ಮೂವತ್ತೆಂಟು ವರ್ಷ ಗುಮಾಸ್ತರಾಗಿ ದುಡಿದವರು. ತೊಗರಿಯ ಆವಕ ಎಷ್ಟು, ಧಾರಣೆ ಎಷ್ಟು ಎಂಬುದು ನಿವೃತ್ತಿಯ ನಂತರವೂ ಅವರಿಗೆ ಬೆಳಗೆದ್ದು ಮೊದಲು ತಿಳಿಯಬೇಕಾದ ಸಂಗತಿ. ನಾನು ಪದವಿ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಅಂಕಿಅಂಶಗಳಿಂದ ಅರ್ಥ ಹುಡುಕುವ ಡೇಟಾ ಸೈನ್ಸ್ ಕಲಿಯಲು ಕುಳಿತಾಗ ಎಲ್ಲ ಪಾಠಗಳಲ್ಲೂ ಬರುವ ಬೋಸ್ಟನ್ ನಗರದ ಮನೆ ಬೆಲೆಗಳಾಗಲಿ, ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿಯಾಗಲಿ ನನ್ನನ್ನು ಹಿಡಿದು ಕೂರಿಸಲಿಲ್ಲ. ಮನೆಯಲ್ಲೇ ದಿನವೂ ತೊಗರಿಯ ಮಾತು ನಡೆಯುವಾಗ ಅದರ ಲೆಕ್ಕವನ್ನೇ ಏಕೆ ಮಾಡಬಾರದು ಎಂದುಕೊಂಡು, ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಿಂದ ದ್ವಿದಳ ಧಾನ್ಯಗಳ ಹಲವು ವರ್ಷಗಳ ದಿನವಹಿ ಧಾರಣೆಗಳನ್ನು ತುಣುಕು ತುಣುಕಾಗಿ ಇಳಿಸಿಕೊಂಡೆ. ಒಂದೊಂದು ಸಾಲಿನಲ್ಲೂ ರಾಜ್ಯ, ಜಿಲ್ಲೆ, ಮಾರುಕಟ್ಟೆ, ತಳಿ, ದಿನಾಂಕ, ಕನಿಷ್ಠ, ಗರಿಷ್ಠ ಮತ್ತು ಮಾದರಿ ಧಾರಣೆ, ಅಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರ. ಎಲ್ಲ ರಾಜ್ಯಗಳದ್ದನ್ನೂ ಜೋಡಿಸಿದಾಗ ಸಿಎಸ್‌ವಿ ಕಡತ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ) 700 ಎಂಬಿ ದಾಟಿತು.

ಲ್ಯಾಪ್‌ಟಾಪು ತಮ್ಮನದು. ಅವನು ಇಂಜಿನಿಯರಿಂಗ್ ಓದುವಾಗ 2014ರಲ್ಲಿ ಕೊಂಡದ್ದು. ನಾಲ್ಕನೆಯ ತಲೆಮಾರಿನ ಐ3 ಪ್ರೊಸೆಸರ್, ಕೆಲಸದ ಹೊತ್ತಿನ ತಾತ್ಕಾಲಿಕ ನೆನಪಾಗಿ 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಅವನು ಹೊಸದು ಕೊಂಡ ಮೇಲೆ ಇದು ನನ್ನ ಪಾಲಿಗೆ ಬಂತು. ಬ್ಯಾಟರಿ ಎಂದೋ ಸತ್ತಿತ್ತು, ಕರೆಂಟು ಹೋದ ಕ್ಷಣವೇ ಪರದೆಯೂ ಆರಿಹೋಗುತ್ತಿತ್ತು.

ಆ ಮಧ್ಯಾಹ್ನ ಹೊರಗೆ 43 ಡಿಗ್ರಿಯ ಆಸುಪಾಸಿನ ಬಿಸಿಲು. ಕಿಟಕಿಗೆ ಒದ್ದೆ ಟವೆಲ್ ಇಳಿಬಿಟ್ಟು ಕುಳಿತಿದ್ದೆವು. ಬಹಳ ಹೊತ್ತಿನ ಕಾಯುವಿಕೆಯ ನಂತರ ಪರದೆಯ ಮೇಲೆ ಒಂದು ಗೆರೆ ಮೂಡಿತು. ಎಲ್ಲ ವರ್ಷಗಳ ತಿಂಗಳವಾರು ಸರಾಸರಿ ಧಾರಣೆಯ ನಕ್ಷೆ ಅದು. ಡಿಸೆಂಬರ್, ಜನವರಿಯಲ್ಲಿ ಹೊಸ ಮಾಲು ಗಂಜಿಗೆ ಬಂದಾಗ ಗೆರೆ ಇಳಿದು, ಅಕ್ಟೋಬರ್ ಹೊತ್ತಿಗೆ ದೊಡ್ಡದಾಗಿ ಉಬ್ಬಿತ್ತು. ನನಗೆ ಸಂತೋಷವಾಯಿತು, ಪುಸ್ತಕದಲ್ಲಿ ಹೇಳುವಂತೆಯೇ ಋತುಮಾನದ ಏರಿಳಿತ ಕಂಡಿದೆಯಲ್ಲ ಎಂದು. ಅಪ್ಪ ಕನ್ನಡಕ ಸರಿಪಡಿಸಿಕೊಂಡು ಆ ಉಬ್ಬಿನ ಮೇಲೆ ಬೆರಳಿಟ್ಟರು. ‘ಅಕ್ಟೋಬರ್‌ದಾಗ ಇಷ್ಟು ಏರಂಗಿಲ್ಲ ಯವ್ವಾ. ಇದು ಹದಿನೈದರ ಇಸ್ವಿದು. ಆ ಒಂದು ವರ್ಷ ಬಾಜೂಕ ಇಟ್ಟು ನೋಡು, ಏನ್ ಉಳೀತದ.’

2015 ಅವರಿಗೆ ಮರೆಯುವಂಥ ವರ್ಷವಲ್ಲ. ಮಳೆ ಕೈಕೊಟ್ಟು, ತೊಗರಿಬೇಳೆ ಚಿಲ್ಲರೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿದ ವರ್ಷ ಅದು. ಸಂಖ್ಯಾಶಾಸ್ತ್ರದಲ್ಲಿ ಔಟ್‌ಲೈಯರ್ ಎನ್ನುತ್ತಾರಲ್ಲ, ಉಳಿದವುಗಳಿಂದ ದೂರ ಹಾರಿ ನಿಂತು ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುವ ಅಂಕಿ, ಅದನ್ನೇ ಅಪ್ಪ ತಮ್ಮ ಮಾತಿನಲ್ಲಿ ಹೇಳಿದ್ದರು. ತರಗತಿಯಲ್ಲಿ ನಾನೇ ಕಲಿಸುವ ವಿಷಯ ಅದು. ಆದರೆ ಗೆರೆ ಮೂಡುವಷ್ಟರಲ್ಲಿ ಲ್ಯಾಪ್‌ಟಾಪಿನ ಉಸಿರು ಕಟ್ಟಿ, ಪ್ರೋಗ್ರಾಮು ತಾನಾಗಿ ನಿಂತುಹೋಗಿತ್ತು. ಮತ್ತೆ ಮೊದಲಿನಿಂದ ಕಡತ ಓದಿಸಬೇಕು, ಅದಕ್ಕೆ ಇಪ್ಪತ್ತನಾಲ್ಕು ನಿಮಿಷ ಬೇಕು, ಅಷ್ಟರೊಳಗೆ ಕರೆಂಟು ಹೋದರೆ ಅದೂ ಇಲ್ಲ. ಹೀಗಾಗಿ ‘ನಾಳಿ’ ಎಂದೆ. ಅಪ್ಪ ಏನೂ ಅನ್ನಲಿಲ್ಲ, ಎದ್ದು ನೀರು ಕುಡಿಯಲು ಹೋದರು. ಅವರು ಮತ್ತೆ ಕೇಳಲಿಲ್ಲ ಎಂಬುದು ನನಗೆ ಈಗಲೂ ಚುಚ್ಚುತ್ತದೆ.

ತಲೆಗೆ ಹತ್ತದ ಪೈಥಾನ್

ಸೆಪ್ಟೆಂಬರಿನಲ್ಲಿ ಒಬ್ಬ ವಿದ್ಯಾರ್ಥಿನಿ ಸಿಬ್ಬಂದಿ ಕೊಠಡಿಗೆ ಬಂದು, ಡೇಟಾ ಸೈನ್ಸಿನ ಐಚ್ಛಿಕ ಪತ್ರಿಕೆ ಬಿಡುತ್ತೇನೆ ಎಂದಳು. ಅಫಜಲಪುರದ ಕಡೆಯ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವವಳು, ಲೆಕ್ಕದಲ್ಲಿ ಚುರುಕು. ಕಾರಣ ಕೇಳಿದರೆ ‘ನಂಗ ಪೈಥಾನ್ ತಲಿಗಿ ಹತ್ತವಲ್ದು ಮೇಡಂ’ ಎಂದು ನೆಲ ನೋಡಿದಳು. ಪೈಥಾನ್ ಎಂದರೆ ಆ ಪತ್ರಿಕೆಯಲ್ಲಿ ಬಳಸುವ ಪ್ರೋಗ್ರಾಮಿಂಗ್ ಭಾಷೆ. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ ಬಳಸಿ ಬಿಟ್ಟ ಲ್ಯಾಪ್‌ಟಾಪು ಅವಳ ಬ್ಯಾಗಿನಲ್ಲೇ ಇತ್ತು. ನನ್ನ ಮುಂದೆ ಮಾಡು ಎಂದೆ. ಪಟ್ಟಿಗಳ ಲೆಕ್ಕಕ್ಕೆಂದು ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಕಟ್ಟಾದ ಪಾಂಡಾಸ್ ಗ್ರಂಥಾಲಯವನ್ನು ಕರೆಯುವ ಮೊದಲ ಸಾಲು ಬರೆದು ಗುಂಡಿ ಒತ್ತಿದಳು, ಸಾಲು ಸರಿಯಾಗಿತ್ತು. ಪರದೆ ಸುಮ್ಮನಿತ್ತು. ಹತ್ತು ಸೆಕೆಂಡ್ ಕಾದು ಮತ್ತೆ ಒತ್ತಿದಳು. ಆಮೇಲೆ ಸಾಲನ್ನು ಅಳಿಸಿ, ತಪ್ಪು ಬರೆದೆನೇನೋ ಎಂಬಂತೆ ಅಕ್ಷರ ಅಕ್ಷರವಾಗಿ ಮತ್ತೆ ಅದನ್ನೇ ಬರೆದಳು. ಮೂರನೆಯ ಸಲ ಒತ್ತುವ ಹೊತ್ತಿಗೆ ಇಡೀ ಯಂತ್ರ ಗಟ್ಟಿಯಾಗಿ ನಿಂತುಬಿಟ್ಟಿತು. ‘ನೋಡ್ರಿ, ಹಿಂಗೇ ಆಗ್ತದ’ ಎಂದಳು.

ಯಂತ್ರದ ಮೌನವನ್ನು ಆಕೆ ತನ್ನ ತಪ್ಪೆಂದು ಓದಿಕೊಂಡಿದ್ದಳು. ವೇಗದ ಯಂತ್ರದಲ್ಲಿ ಕಲಿಯುವವನಿಗೆ ಸರಿ ಬರೆದರೆ ಉತ್ತರ, ತಪ್ಪು ಬರೆದರೆ ಕೆಂಪು ಅಕ್ಷರಗಳ ದೂರು ತಕ್ಷಣ ಕಾಣುತ್ತದೆ. ಆ ತಿದ್ದುವಿಕೆಯಿಂದಲೇ ಅವನು ಕಲಿಯುತ್ತಾನೆ. ಇವಳಿಗೆ ಸರಿಗೂ ತಪ್ಪಿಗೂ ಒಂದೇ ಮೌನ. ನಮ್ಮ ಭಾಗದ ಎಷ್ಟೋ ಮಕ್ಕಳ ಕೈಯಲ್ಲಿರುವುದು ಅಣ್ಣನದೋ ಅಕ್ಕನದೋ ಬಳಸಿ ಬಿಟ್ಟ ಲ್ಯಾಪ್‌ಟಾಪು. ‘ತಲಿಗಿ ಹತ್ತವಲ್ದು’ ಎಂದು ಬಿಟ್ಟುಕೊಟ್ಟವರಲ್ಲಿ ಎಷ್ಟು ಜನರಿಗೆ ನಿಜಕ್ಕೂ ತಲೆಗೆ ಹತ್ತಿರಲಿಲ್ಲ ಎಂಬ ಪ್ರಶ್ನೆ ಅಂದು ನನ್ನನ್ನು ಗಟ್ಟಿಯಾಗಿ ಹಿಡಿಯಿತು.

ಹಮಾಲನ ನಡಿಗೆ

ಅವಳ ಯಂತ್ರದಲ್ಲೂ, ಅಂದು ರಾತ್ರಿ ನನ್ನದರಲ್ಲೂ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಎರಡರಲ್ಲೂ ಒಂದೇ ಚಿತ್ರ: ಪ್ರೊಸೆಸರ್ ಶೇ. 7, ಡಿಸ್ಕ್ ಶೇ. 100. ಅಂದರೆ ಲೆಕ್ಕ ಮಾಡುವ ಭಾಗ ಕೈಕಟ್ಟಿ ಕುಳಿತಿದೆ, ತಂದುಕೊಡುವ ಭಾಗ ಮಾತ್ರ ಬೆವರುತ್ತಿದೆ. ಅದಕ್ಕಿಂತ ವಿಚಿತ್ರವೆಂದರೆ ಆ ಶೇ. 100ರ ಪಕ್ಕದಲ್ಲೇ ಇದ್ದ ಇನ್ನೊಂದು ಅಂಕಿ. ಡಿಸ್ಕಿನಿಂದ ಬರುತ್ತಿದ್ದುದು ಸೆಕೆಂಡಿಗೆ ಬರೀ 1.5 ಎಂಬಿ. ಇದೇ ಡಿಸ್ಕಿಗೆ ಒಂದು ದೊಡ್ಡ ಸಿನಿಮಾ ಕಡತ ಕೊಟ್ಟರೆ ಸೆಕೆಂಡಿಗೆ 100 ಎಂಬಿಯ ಹತ್ತಿರ ಓದಿಕೊಡುತ್ತದೆ. ಹಾಗಾದರೆ ಪೂರ್ತಿ ಶಕ್ತಿ ಹಾಕಿ ದುಡಿಯುತ್ತಿರುವ ಡಿಸ್ಕು ಇಷ್ಟು ಕಡಿಮೆ ಏಕೆ ಕೊಡುತ್ತಿದೆ?

ಉತ್ತರ ಹಾರ್ಡ್‌ಡಿಸ್ಕಿನ ರಚನೆಯಲ್ಲೇ ಇದೆ. ಒಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ಬೇಕಾದ ಮಾಹಿತಿ ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು 5.5 ಮಿಲಿಸೆಕೆಂಡ್. ಅದಕ್ಕೂ ಮೊದಲು ಮೊನೆಯನ್ನು ಹೊತ್ತ ತೋಳು ಸರಿಯಾದ ಜಾಡಿಗೆ ಸರಿಯಬೇಕು, ಅದಕ್ಕೆ ಇನ್ನೊಂದು 10, 12 ಮಿಲಿಸೆಕೆಂಡ್. ಹೀಗೆ ಒಂದೊಂದು ತುಣುಕಿಗೂ ಹತ್ತಿರಹತ್ತಿರ 17 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ ಅರವತ್ತು ತುಣುಕು, ಅಷ್ಟೇ. ಪಾಂಡಾಸ್ ಎಂಬ ಒಂದು ಹೆಸರನ್ನು ಕರೆದರೆ ಅದರ ಹಿಂದೆ ನೂರಾರು ಸಣ್ಣ ಕಡತಗಳು ತೆರೆದುಕೊಳ್ಳುತ್ತವೆ, ಅವು ಡಿಸ್ಕಿನ ತುಂಬ ಚೆದುರಿ ಬಿದ್ದಿರುತ್ತವೆ.

ಗಂಜಿನಲ್ಲಿ ಬೆಳೆದ ನನಗೆ ಇದು ಹೀಗೆ ಅರ್ಥವಾಗುತ್ತದೆ. ಹಮಾಲರು ಒಂದೇ ಗೋದಾಮಿನ ಒಂದೇ ಸಾಲಿನಿಂದ ಚೀಲ ಎತ್ತಿದರೆ ಲಾರಿ ನೋಡುನೋಡುತ್ತಿದ್ದಂತೆ ತುಂಬುತ್ತದೆ. ಅದೇ ಹಮಾಲನಿಗೆ ಒಂದು ಚೀಲ ಈ ಓಣಿಯ ಗೋದಾಮಿನಿಂದ, ಇನ್ನೊಂದು ಆ ಓಣಿಯದರಿಂದ, ಅದೂ ಒಂದೊಂದು ಸಲಕ್ಕೆ ಒಂದೊಂದೇ ತಾ ಎಂದರೆ ಆತ ಇಡೀ ದಿನ ಒಂದು ನಿಮಿಷ ಕೂರದೆ ನಡೆದಾನು, ಲಾರಿ ಮಾತ್ರ ಖಾಲಿಯೇ ಇದ್ದೀತು. ಟಾಸ್ಕ್ ಮ್ಯಾನೇಜರಿನ 100 ಎಂಬುದು ಹಮಾಲನ ನಡಿಗೆ, 1.5 ಎಂಬುದು ಲಾರಿಗೆ ಬಿದ್ದ ಚೀಲ. ಹಾರ್ಡ್‌ಡಿಸ್ಕಿನ ಬದಲು ಹಾಕಬಹುದಾದ, ಬರೀ ಚಿಪ್ಪುಗಳ ಡಿಸ್ಕಾದ ಎಸ್‌ಎಸ್‌ಡಿಯಲ್ಲಿ ನಡಿಗೆಯೇ ಇಲ್ಲ. ತಿರುಗುವ ತಟ್ಟೆಯಿಲ್ಲ, ಸರಿಯುವ ತೋಳಿಲ್ಲ. 1987ರಲ್ಲಿ ತೊಷಿಬಾ ಸಂಸ್ಥೆಯ ಫ್ಯೂಜಿಯೊ ಮಸುವೊಕ ಅವರ ತಂಡ ಮುಂದಿಟ್ಟ ನ್ಯಾಂಡ್ ಫ್ಲ್ಯಾಶ್ ಎಂಬ ಚಿಪ್ಪಿನಲ್ಲಿ ಮಾಹಿತಿ ವಿದ್ಯುದಾವೇಶವಾಗಿ ಕೂತಿರುತ್ತದೆ. ಎಲ್ಲಿದ್ದರೂ ಅದನ್ನು ತಲುಪಲು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು.

ಸೂಪರ್ ಮಾರ್ಕೆಟ್ಟಿನ ಅಂಗಡಿ

ಅಕ್ಟೋಬರಿನಲ್ಲಿ ಡಿಸ್ಕು ಬದಲಿಸಲೆಂದು ಸೂಪರ್ ಮಾರ್ಕೆಟ್ ಎಂಬ ನಮ್ಮೂರ ಪೇಟೆಗೆ ಹೋದೆ. ಮೊದಲ ಅಂಗಡಿಯಲ್ಲಿ ಲ್ಯಾಪ್‌ಟಾಪನ್ನು ತೆರೆದೂ ನೋಡದೆ ‘ಇದರಾಗ ಏನ್ ಉಳದದ ಮೇಡಂ, ಹೊಸಾದು ತಗೊಳ್ರಿ, ಕಂತಿನ ಮ್ಯಾಲ ಕೊಡ್ತೀವಿ’ ಎಂದರು. ಎರಡನೆಯದು ಮೆಟ್ಟಿಲ ಕೆಳಗಿನ ಪುಟ್ಟ ರಿಪೇರಿ ಅಂಗಡಿ. ಅಲ್ಲಿನ ಹಿರಿಯರು ಯಂತ್ರವನ್ನು ಕಿವಿಯ ಹತ್ತಿರ ಹಿಡಿದು ಒಂದು ಕ್ಷಣ ಆಲಿಸಿ, ‘ಮಶಿನ್ ಗಟ್ಟಿ ಅದರಿ, ಡಿಸ್ಕ್ ಅಷ್ಟೇ ಸೋತದ’ ಎಂದರು. ಆಮೇಲೆ ಅವರು ಕೇಳಿದ್ದು ದುಡ್ಡಿನ ಮಾತಲ್ಲ. ‘ಒಳಗಿಂದೆಲ್ಲ ಬ್ಯಾರೆ ಕಡೆ ಇಟ್ಕೊಂಡೀರೇನ್ರಿ?’ ಇಟ್ಟುಕೊಂಡಿದ್ದೆ. ಆದರೂ ಅವರು ಡಿಸ್ಕಿನ ಆರೋಗ್ಯದ ವರದಿ ತೆಗೆದು ತೋರಿಸಿದರು. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು, ಅಂದರೆ ಮಾಹಿತಿ ಕೂರುವ ಚಿಕ್ಕ ಚಿಕ್ಕ ಖಾನೆಗಳು, 24 ಇದ್ದವು. ಇಂಥ ಡಿಸ್ಕನ್ನು ಇದ್ದ ಹಾಗೆಯೇ ಹೊಸದಕ್ಕೆ ನಕಲು ಮಾಡಹೊರಟರೆ ಕೆಟ್ಟ ಜಾಗ ಬಂದಲ್ಲೆಲ್ಲ ತಡವರಿಸುತ್ತದೆ, ಅದಕ್ಕಿಂತ ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕಿ ಬೇಕಾದ ಕಡತಗಳನ್ನಷ್ಟೇ ತರುವುದು ಒಳ್ಳೆಯದು ಎಂದರು. ಅವರ ಮಾತು ಸರಿಯಾಗಿತ್ತು.

ಬ್ಯಾಟರಿ ತೆಗೆದರು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಟ್ಟರು. ತಳದ ತಿರುಪುಗಳನ್ನು ಬಿಚ್ಚಿ, ಅವು ಇದ್ದ ಜಾಗದ ಕ್ರಮದಲ್ಲೇ ಒಂದು ಕಾಗದದ ಮೇಲೆ ಸಾಲಾಗಿ ಇಟ್ಟರು. ರಬ್ಬರ್ ಪಾದದ ಅಡಿಯಲ್ಲಿ ಅಡಗಿದ್ದ ಒಂದು ತಿರುಪು ಅವರಿಗೆ ನೋಡದೆಯೇ ಗೊತ್ತಿತ್ತು. ಹಳೆಯ ಎಟಿಎಂ ಕಾರ್ಡೊಂದನ್ನು ಅಂಚಿಗೆ ತೂರಿಸಿ ಮೆಲ್ಲಗೆ ಸರಿಸಿದಾಗ ಮುಚ್ಚಳ ಟಕ್ ಟಕ್ ಎಂದು ಬಿಟ್ಟುಕೊಂಡಿತು. ಹತ್ತು ವರ್ಷದ ಧೂಳು, ಫ್ಯಾನಿನ ಬಾಯಿಗೆ ಕಂಬಳಿಯಂತೆ ಕಟ್ಟಿಕೊಂಡ ನೂಲು. ತಗಡಿನ ಚೌಕಟ್ಟಿನಿಂದ ಹಾರ್ಡ್‌ಡಿಸ್ಕನ್ನು ಬಿಡಿಸಿ ನನ್ನ ಅಂಗೈಗೆ ಇಟ್ಟರು. ಅದಿನ್ನೂ ಬೆಚ್ಚಗಿತ್ತು, ಗಾತ್ರಕ್ಕೆ ಮೀರಿದ ತೂಕವಿತ್ತು. ಇನ್ನೊಂದು ಅಂಗೈಗೆ ಇಟ್ಟ 480 ಜಿಬಿಯ ಎಸ್‌ಎಸ್‌ಡಿ ಖಾಲಿ ಡಬ್ಬಿಯಷ್ಟು ಹಗುರ. ಹಳೆಯದು 9.5 ಮಿಲಿಮೀಟರ್ ದಪ್ಪ, ಹೊಸದು 7, ಆದರೆ ತಿರುಪಿನ ತೂತುಗಳ ಅಳತೆ ಒಂದೇ ಆದ್ದರಿಂದ ಅದೇ ಚೌಕಟ್ಟಿನಲ್ಲಿ ಕೂತಿತು. ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಅದೇ ಸಾಟಾ ಕೊಂಡಿಗೆ ಸೇರಿತು.

ಈಗ ಎಲ್ಲರ ಬಾಯಲ್ಲಿರುವ ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿ ಸಾಟಾದ ಹಲವು ಪಟ್ಟು ವೇಗದ್ದು ನಿಜ. ಆದರೆ ನನ್ನ ಯಂತ್ರದಲ್ಲಿ ಅದನ್ನು ಕೂರಿಸುವ ಜಾಗವೇ ಇರಲಿಲ್ಲ, ಸಾಟಾದಲ್ಲಿ ಸೆಕೆಂಡಿಗೆ 550 ಎಂಬಿಯ ತನಕ ಸಿಗುವುದೇ ನನಗೆ ಬೇಕಾದುದಕ್ಕಿಂತ ಹೆಚ್ಚಾಗಿತ್ತು. ಖರ್ಚು ಕೂಲಿ ಸೇರಿ ಮೂರು ಸಾವಿರದ ಆಸುಪಾಸು. 480 ಜಿಬಿ ಎಂದು ಕೊಂಡದ್ದು ಪರದೆಯಲ್ಲಿ 447 ಎಂದು ಕಂಡರೆ ಮೋಸವೆಂದು ಭಾವಿಸಬೇಕಾಗಿಲ್ಲ, ಮಾರುವವರು ಸಾವಿರದ ಲೆಕ್ಕದಲ್ಲಿ ಎಣಿಸಿದ್ದನ್ನು ವಿಂಡೋಸ್ 1,024ರ ಲೆಕ್ಕದಲ್ಲಿ ತೋರಿಸುತ್ತದೆ. ಮೋಸ ಇರುವುದು ಬೇರೆ ಕಡೆ. ಕೆಲವು ನೂರು ರೂಪಾಯಿಗೆ 2 ಟಿಬಿ ಎಂದು ಮಾರುವ ಹೆಸರಿಲ್ಲದ ಡಿಸ್ಕುಗಳಲ್ಲಿ ಒಳಗೆ ಅದರ ಚೂರು ಭಾಗವಷ್ಟೇ ಇರುತ್ತದೆ, ತುಂಬಿದ ಮೇಲೆ ಹಳೆಯ ಕಡತದ ಮೇಲೆಯೇ ಹೊಸದನ್ನು ಬರೆದುಬಿಡುತ್ತವೆ. ವಿದ್ಯಾರ್ಥಿಗಳು ಇದಕ್ಕೆ ಬಲಿಯಾಗುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಅರ್ಧ ಉಪಾಯ, ಇನ್ನರ್ಧ ಓದು

ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡೆ. ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಹದಿನೆಂಟು ಸೆಕೆಂಡಿಗೆ ಎದ್ದು ಕೂತಿತು, ಪಾಂಡಾಸ್ ಎರಡು ಸೆಕೆಂಡಿಗೆ ಬಂತು. ಕರೆಂಟು ಹೋದರೂ ಮೊದಲಿನ ಎದೆಗುದಿ ಇಲ್ಲ, ಬಂದ ಅರ್ಧ ನಿಮಿಷಕ್ಕೆ ಬಿಟ್ಟಲ್ಲಿಂದ ಹಿಡಿಯಬಹುದು. ಆದರೆ ತೊಗರಿಯ ಕಡತ ಓದಲು ಇನ್ನೂ ಆರು ನಿಮಿಷ ಹಿಡಿಯುತ್ತಿತ್ತು. ಇಪ್ಪತ್ತನಾಲ್ಕರಿಂದ ಆರಕ್ಕೆ ಇಳಿದದ್ದು ದೊಡ್ಡದೇ, ಆದರೂ 700 ಎಂಬಿಗೆ ಆರು ನಿಮಿಷ ಸರಿಯಾದ ಲೆಕ್ಕವಲ್ಲ.

ಕಾರಣ ಡಿಸ್ಕಲ್ಲ, ರ‍್ಯಾಮ್. ಸಿಎಸ್‌ವಿಯಲ್ಲಿ ‘ಕರ್ನಾಟಕ’, ‘ಕಲಬುರಗಿ’ ಎಂಬ ಪದಗಳು ಲಕ್ಷಗಟ್ಟಲೆ ಸಾಲುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಪಾಂಡಾಸ್ ಅವುಗಳನ್ನು ಪದಗಳಾಗಿಯೇ ಇಟ್ಟುಕೊಂಡಾಗ ಕಡತ ರ‍್ಯಾಮಿನಲ್ಲಿ ತನ್ನ ಗಾತ್ರದ ಹಲವು ಪಟ್ಟು ಊದಿಕೊಳ್ಳುತ್ತದೆ. 4 ಜಿಬಿ ಸಾಲದೆ ಉಳಿದದ್ದು ಡಿಸ್ಕಿಗೆ ಹೊರಳುತ್ತದೆ. ರ‍್ಯಾಮಿನಿಂದ ಒಂದು ಅಂಕಿ ತರಲು ಒಂದು ಸೆಕೆಂಡ್ ಎಂದು ಇಟ್ಟುಕೊಂಡರೆ ಎಸ್‌ಎಸ್‌ಡಿಯಿಂದ ತರಲು ಹದಿನೇಳು ನಿಮಿಷ, ಹಾರ್ಡ್‌ಡಿಸ್ಕಿನಿಂದ ತರಲು ಹತ್ತಿರಹತ್ತಿರ ಎರಡು ದಿನ, ಅಂದರೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕೆಲಸ ಮುಗಿಸಿಕೊಂಡು ಬಂದಷ್ಟು ಹೊತ್ತು. ಅದೇ ಅಂಗಡಿಯಲ್ಲಿ ಇನ್ನೊಂದು 4 ಜಿಬಿ ಹಾಕಿಸಿದೆ. ಈ ತಲೆಮಾರಿನ ಲ್ಯಾಪ್‌ಟಾಪಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಎಂಬ ಬಗೆಯ ರ‍್ಯಾಮ್ ಬೇಕು, ‘ಎಲ್’ ಇಲ್ಲದ್ದನ್ನು ತಂದು ಮರಳಿ ಹೋಗುವವರನ್ನು ಅಲ್ಲೇ ನೋಡಿದೆ.

ಉಳಿದದ್ದು ಓದಿನಿಂದ ಬಂತು. ಮರುಕಳಿಸುವ ಪದಗಳ ಕಾಲಂಗಳನ್ನು ಕ್ಯಾಟಗರಿ ಎಂದು ಗುರುತಿಸಿದರೆ ಪ್ರತಿ ಸಾಲಿನಲ್ಲೂ ಪದದ ಬದಲು ಒಂದು ಚಿಕ್ಕ ಅಂಕಿ ಮಾತ್ರ ಉಳಿಯುತ್ತದೆ. ಗಂಜಿನ ವಹಿಯಲ್ಲಿ ರೈತನ ಪೂರ್ತಿ ಹೆಸರು ಬರೆಯದೆ ಖಾತೆ ನಂಬರು ಬರೆದಂತೆ. ಹಾಗೆ ಮಾಡಿದ್ದನ್ನು ಪಾರ್ಕೆಟ್ ಎಂಬ, ಮಾಹಿತಿಯನ್ನು ಒತ್ತಿ ಇಡುವ ಕಡತದ ರೂಪದಲ್ಲಿ ಉಳಿಸಿದಾಗ 700 ಎಂಬಿಯ ಕಡತ 60ಕ್ಕೆ ಇಳಿಯಿತು. ಪಾರ್ಕೆಟ್ ಮಾಹಿತಿಯನ್ನು ಕಾಲಂವಾರು ಇಡುವುದರಿಂದ ದಿನಾಂಕ ಮತ್ತು ಧಾರಣೆ ಮಾತ್ರ ಬೇಕೆಂದರೆ ಅವೆರಡನ್ನೇ ಓದುತ್ತದೆ. ಆರು ನಿಮಿಷ ಮೂರು ಸೆಕೆಂಡಾಯಿತು.

ಇಷ್ಟನ್ನು ಕೇಳಿದ ಸಹೋದ್ಯೋಗಿಯೊಬ್ಬರು, ಈ ಪಾರ್ಕೆಟ್ಟಿನ ಉಪಾಯ ಹಳೆಯ ಹಾರ್ಡ್‌ಡಿಸ್ಕಿನಲ್ಲೂ ನಡೆಯುತ್ತಿತ್ತಲ್ಲ, ದುಡ್ಡು ಏಕೆ ಹಾಕಿದಿರಿ ಎಂದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಉಪಾಯ ನನಗೆ ಒಂದೇ ಸಲಕ್ಕೆ ಹೊಳೆಯಲಿಲ್ಲ. ಹತ್ತಾರು ಬಾರಿ ತಪ್ಪು ಬರೆದು, ದಿನಾಂಕಗಳನ್ನು ಕೆಡಿಸಿ, ಮತ್ತೆ ಓದಿಸಿ ಕಂಡುಕೊಂಡದ್ದು. ಒಂದೊಂದು ತಪ್ಪಿಗೂ ಅರ್ಧ ಗಂಟೆ ತೆರಬೇಕಾಗಿದ್ದ ದಿನಗಳಲ್ಲಿ ನಾನು ತಪ್ಪು ಮಾಡುವುದನ್ನೇ ಬಿಟ್ಟಿದ್ದೆ, ಗೊತ್ತಿದ್ದ ದಾರಿಯನ್ನು ಬಿಟ್ಟು ಪಕ್ಕಕ್ಕೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಆ ಮೂರು ಸಾವಿರ ರೂಪಾಯಿಗೆ ನಾನು ಕೊಂಡದ್ದು ತಪ್ಪು ಮಾಡುವ ಅವಕಾಶವನ್ನು ಎಂದೇ ತಿಳಿದಿದ್ದೇನೆ. ಆ ವಿದ್ಯಾರ್ಥಿನಿಯ ಲ್ಯಾಪ್‌ಟಾಪಿಗೂ ಅಲ್ಲೇ 240 ಜಿಬಿಯದೊಂದು ಹಾಕಿಸಿದೆವು. ಅವಳು ಪತ್ರಿಕೆ ಬಿಡಲಿಲ್ಲ.

ಒಂದು ಮಾತು ಮಾತ್ರ ಅವಳಿಗೂ ಒತ್ತಿ ಹೇಳಿದ್ದೇನೆ. ಹಾರ್ಡ್‌ಡಿಸ್ಕು ಸಾಯುವ ಮೊದಲು ಹಲವು ಸಲ ಕಟಕಟ ಎಂದು ಸದ್ದು ಮಾಡಿ ತಿಳಿಸುತ್ತದೆ, ಎಸ್‌ಎಸ್‌ಡಿ ಒಂದು ಬೆಳಿಗ್ಗೆ ಸದ್ದಿಲ್ಲದೆ ಇಲ್ಲವಾಗಬಹುದು. ಪ್ರೋಗ್ರಾಮು ಬರೆದಿಟ್ಟ ಕಡತಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಅಂತರಜಾಲದ ಖಾತೆಯಲ್ಲಿ ಇರಲೇಬೇಕು.

ದೀಪಾವಳಿಗೆ ಮೊದಲಿನ ಭಾನುವಾರ

ಗಂಜಿನ ಅಂಗಡಿಗಳಲ್ಲಿ ಹೊಸ ವಹಿಯ ಪೂಜೆಗೆ ಅಣಿಮಾಡುವ ದಿನಗಳು. ಅಪ್ಪ ಹಜಾರದಲ್ಲಿ ಪತ್ರಿಕೆ ಓದುತ್ತಿದ್ದರು. ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಮೇ ತಿಂಗಳ ಅದೇ ಗೆರೆಯನ್ನು ತೋರಿಸಿದೆ. 2015ನ್ನು ಬಿಟ್ಟು ಉಳಿದ ವರ್ಷಗಳನ್ನು ತೆಗೆದುಕೊ ಎಂಬ ಆ ಒಂದು ಸಾಲನ್ನು ಬರೆದು ಗುಂಡಿ ಒತ್ತಿದೆ. ಅಕ್ಟೋಬರಿನ ಉಬ್ಬು ಅವರ ಕಣ್ಣೆದುರೇ ತಗ್ಗಿತು. ‘ಹೇಳಿದ್ದಿಲ್ಲೇನು’ ಎಂದರು, ದನಿಯಲ್ಲಿ ಹೆಮ್ಮೆಗಿಂತ ನೆಮ್ಮದಿ ಹೆಚ್ಚಿತ್ತು.

ಆಮೇಲೆ ಅವರು ನಿಲ್ಲಲಿಲ್ಲ. ಹದಿನೇಳರದ್ದನ್ನೂ ತೆಗಿ ಎಂದರು. ಹಿಂದಿನ ಮುಂಗಾರಿನಲ್ಲಿ ಎಲ್ಲರೂ ತೊಗರಿಯನ್ನೇ ಬಿತ್ತಿ, ಮಾಲು ಮಿತಿಮೀರಿ ಬಂದು, ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತ ಧಾರಣೆ ಕೆಳಗಿಳಿದಿದ್ದ ವರ್ಷ ಅದು. ತೆಗೆದೆ. ಸರಾಸರಿಯ ಬದಲು ಮಧ್ಯಾಂಕ, ಅಂದರೆ ಅಂಕಿಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವುದನ್ನು, ಹಿಡಿದು ನೋಡಿದೆವು. ಕಲಬುರಗಿಯ ಗೆರೆಯ ಪಕ್ಕದಲ್ಲಿ ಲಾತೂರಿನದನ್ನು ಇಡು ಎಂದರು, ಇಟ್ಟೆ. ಬೀದರ್ ಸೇರಿಸು, ಯಾದಗಿರಿ ಸೇರಿಸು. ಅಮ್ಮ ಎರಡು ಸಲ ಊಟಕ್ಕೆ ಕರೆದರೂ ಇಬ್ಬರೂ ಏಳಲಿಲ್ಲ. ಹನ್ನೊಂದನೆಯದೋ ಹನ್ನೆರಡನೆಯದೋ ಪ್ರಶ್ನೆ ಹೀಗಿತ್ತು: ಧಾರಣೆ ಏರಲೆಂದು ರೈತರು ಅಂಗಡಿಯಲ್ಲೇ ಇಟ್ಟು ಹೋದ ಮಾಲೆಷ್ಟು, ಅದನ್ನು ಯಾವ ತಿಂಗಳಲ್ಲಿ ಮಾರಿದರು?

ಅದು ನನ್ನ ಕಡತದಲ್ಲಿ ಇಲ್ಲ, ಮಾರಾಟವಾದದ್ದಷ್ಟೇ ಇದರಲ್ಲಿ ಬರುತ್ತದೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ‘ಕಂಪ್ಯೂಟರ್‌ದಾಗ ಇಲ್ಲ ಖರೆ. ನಮ್ಮ ಅಂಗಡಿದು ನನ್ನ ಡೈರ್ಯಾಗ ಬರದಿಟ್ಟೀನಿ, ಇಪ್ಪತ್ತು ವರ್ಷದ್ದು ಅವ’ ಎಂದು ಎದ್ದು, ಮಂಚದ ಕೆಳಗಿನ ಟ್ರಂಕಿನ ಕೀಲಿ ಎಲ್ಲಿಟ್ಟೀ ಎಂದು ಅಮ್ಮನನ್ನು ಕೇಳುತ್ತ ಒಳಗೆ ಹೋದರು.